ಪಟ್ಟಣದ ಬಂದೂಕುಗಳು

ಆಯುಧಪೂಜೆಯ ದಿನ ನಮ್ಮ ಕಡೆಯ ಊರುಗಳಲ್ಲಿ ಏನೇನಕ್ಕೆ ಪೂಜೆ ಸಲ್ಲುತ್ತದೆಂಬುದನ್ನು ನೀವು ಬಲ್ಲಿರಿ. ಅಡಿಗೆಮನೆಯ ಈಳಿಗೆಮಣೆಯಿಂದ ಹಿಡಿದು ನೇಗಿಲು, ಹೊಲಿಗೆಯ ಯಂತ್ರ, ಸೈಕಲ್ಲು, ಆಲೆಮನೆಯ ಗಾಣ, ಲಾರಿಯವರೆಗೆ ಎಲ್ಲಕ್ಕೂ ಅರಿಸಿನ, ಕುಂಕುಮ, ಒಂದು ಬೂದುಗುಂಬಳಕಾಯಿ. ನಿಜವಾದ ಆಯುಧಕ್ಕೆ ಪೂಜೆ ನಡೆಯುವುದು ಬಹುಶಃ ಪೊಲೀಸ್ ಠಾಣೆಯಲ್ಲಿ ಮಾತ್ರ. ಅಲ್ಲಿ ನಾಲ್ಕಾರು ಬಂದೂಕುಗಳು ಸೇವಂತಿಗೆಯ ಸರ ಧರಿಸಿ ಗೋಡೆಗೆ ಒರಗಿ ನಿಂತಿರುತ್ತವೆ. ಮೈಸೂರು ಸೀಮೆಯಲ್ಲಿ ಈ ದಸರೆಯ ಉತ್ಸವವನ್ನು ರಾಜ ಒಡೆಯರು ೧೬೧೦ರಲ್ಲಿ ಮೊದಲುಮಾಡಿದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿಂದ ಎರಡು ಶತಮಾನ ಕಳೆಯುವುದರೊಳಗೆ ಆ ಊರೇ ಒಂದು ದೊಡ್ಡ ಆಯುಧಶಾಲೆಯಾಗಿ ಬೆಳೆದಿತ್ತು.

ಇಂದು ನೀವು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದರೆ ರಂಗನಾಥಸ್ವಾಮಿಯ ದರ್ಶನ ಮಾಡಿಸುತ್ತೀರಿ. ಮಸೀದಿಯ ಮಿನಾರುಗಳನ್ನು ತೋರಿಸುತ್ತೀರಿ. ೧೭೮೪ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಚಿತ್ರಗಳನ್ನೂ ಗಂಜಾಮಿನ ಗುಂಬಜನ್ನೂ ನೋಡಿ, ಸಂಗಮದಲ್ಲಿ ಕಾಲು ತೊಳೆದುಕೊಂಡು, ಸಂಜೆಯ ಹೊತ್ತಿಗೆ ಕನ್ನಂಬಾಡಿ ಕಟ್ಟೆಗೆ ಹೊರಡುತ್ತೀರಿ. ದಾರಿಯಲ್ಲಿ ಜಾಣ ಹುಡುಗನೊಬ್ಬ, “ಇಷ್ಟು ದೊಡ್ಡ ಯುದ್ಧ ನಡೆಯಿತಲ್ಲ, ಆ ಸಿಪಾಯಿಗಳ ಬಂದೂಕುಗಳೆಲ್ಲ ಎಲ್ಲಿ ಹೋದವು?” ಎಂದು ಕೇಳಿದರೆ ಏನು ಹೇಳುತ್ತೀರಿ? ನನ್ನ ತರಗತಿಯಲ್ಲಿ ಈ ಪ್ರಶ್ನೆ ಬಂದಿತ್ತು. ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹೆಸರಿನ ಮಾತು. ಕನ್ನಡ ಪಂಡಿತನಿಗೆ ಪದಾರ್ಥಕ್ಕಿಂತ ಮುಂಚೆ ಪದದ ಮೇಲೆ ಕಣ್ಣು ಬೀಳುವುದು ಸಹಜ. ‘ಕೋವಿ’ ಎಂಬುದು ನಮ್ಮದೇ ಮಾತು. ಕೊಳವೆ ಎಂದು ಅದರ ಅರ್ಥ. ಕೊಡಗಿನವರು ಅದನ್ನು ಇಂದಿಗೂ ಬಿಟ್ಟಿಲ್ಲ. ‘ತುಪಾಕಿ’ ತುರುಕಿಯ ಕಡೆಯಿಂದಲೂ, ‘ಬಂದೂಕು’ ಅರಬ್ಬೀ ಪಾರಸಿಗಳ ಮೂಲಕವೂ ಬಂದವು. ‘ಫಿರಂಗಿ’ ಎಂದರೆ ಫ್ರಾಂಕರದು, ಅಂದರೆ ಯೂರೋಪಿಯನ್ನರದು. ಸಿಡಿಯುವ ಪುಡಿಗೆ ಮಾತ್ರ ನಾವು ಹೊರಗಿನ ಹೆಸರನ್ನು ಹುಡುಕಲಿಲ್ಲ. ರೋಗಕ್ಕೆ ಕೊಡುವ ಮದ್ದಿನ ಹೆಸರನ್ನೇ ಅದಕ್ಕೂ ಇಟ್ಟೆವು. ಬಂದೂಕಿನಲ್ಲಿ ಕಿಡಿ ಹೊಡೆಯುವ ಭಾಗವನ್ನು ‘ಕುದುರೆ’ ಎಂದು ಕರೆದೆವು. ಈ ವಸ್ತು ಎಷ್ಟು ಕಡೆಗಳಿಂದ ನಮ್ಮಲ್ಲಿಗೆ ಬಂತು, ಬಂದಮೇಲೆ ಹೇಗೆ ನಮ್ಮದಾಯಿತು ಎಂಬುದನ್ನು ಈ ನಾಲ್ಕು ಮಾತುಗಳೇ ಹೇಳುತ್ತವೆ.

ಹಳೆಯ ಸೈನಿಕ ಬಂದೂಕುಗಳನ್ನು ಹುಡುಕಿ ಕೂಡಿಡುವ ಹವ್ಯಾಸ ಯೂರೋಪು ಅಮೆರಿಕಗಳಲ್ಲಿ ಬಹಳ ಜನಕ್ಕುಂಟು. ಅವರಲ್ಲಿ ಹೆಚ್ಚಿನವರು ಆಸೆಪಡುವುದು ಬೋಲ್ಟು ಇರುವ ರೈಫಲ್ಲುಗಳನ್ನು. ಇಂಗ್ಲಿಷರ ಲೀ ಎನ್‌ಫೀಲ್ಡ್, ಜರ್ಮನರ ಮೌಸರ್, ರಷ್ಯದ ಮೋಸಿನ್ ಎಂಬಿವು ಆ ಜಾತಿಯವು. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ಒತ್ತಿದರೆ ಹೊಸ ತೋಟಾ ಒಳಗೆ ಕೂಡುತ್ತದೆ. ಲೀ ಎನ್‌ಫೀಲ್ಡನ್ನು ನಮ್ಮ ದೇಶದಲ್ಲಿ ಅದರ ನಳಿಗೆಯ ಅಳತೆಯಿಂದ ‘ತ್ರೀ ನಾಟ್ ತ್ರೀ’ ಎಂದೇ ಕರೆದರು. ೧೮೯೫ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಈ ಬಂದೂಕಿನ ಮುಂದಿನ ಮಾದರಿಗಳು ಬಂಗಾಳದ ಈಷಾಪುರದ ಕಾರ್ಖಾನೆಯಲ್ಲಿಯೂ ತಯಾರಾದವು. ನಮ್ಮ ಪೊಲೀಸರ ಹೆಗಲ ಮೇಲೆ ಅದು ದಶಕಗಳ ಕಾಲ ಇತ್ತು. ಉತ್ತರ ಪ್ರದೇಶದ ಪೊಲೀಸರಂತೂ ೨೦೨೦ರ ಗಣರಾಜ್ಯೋತ್ಸವದ ಕವಾಯತಿನಲ್ಲಿ ಅದಕ್ಕೆ ವಿಧ್ಯುಕ್ತವಾಗಿ ಬೀಳ್ಕೊಡುಗೆ ಕೊಟ್ಟರು.

ಶಾಲೆಯ ದಿನಗಳಲ್ಲಿ ಎನ್.ಸಿ.ಸಿ.ಗೆ ಸೇರಿದ್ದವರಿಗೆ ಈ ಬಂದೂಕಿನ ಪರಿಚಯ ಹೇಳಬೇಕಾದ್ದಿಲ್ಲ. ಅದರ ಭಾರಕ್ಕೆ ಎಳೆಯ ಹೆಗಲು ಕೆಂಪಗಾಗುತ್ತಿತ್ತು. ಹಿಡಿಯ ಹಿಂಭಾಗದಲ್ಲಿ ಹಿತ್ತಾಳೆಯ ಪುಟ್ಟ ಮುಚ್ಚಳ. ಅದನ್ನು ತೆರೆದರೆ ಒಳಗೆ ಎಣ್ಣೆಯ ಬುಡ್ಡಿ, ನಳಿಗೆಯೊಳಗೆ ಹಾಯಿಸಿ ಎಳೆಯುವ ಹುರಿ. ಆ ಹುರಿಗೆ ನಾಲ್ಕಂಗುಲ ಉದ್ದ ಎರಡಂಗುಲ ಅಗಲದ ಬಟ್ಟೆ ಸಿಕ್ಕಿಸಬೇಕು. ಅದಕ್ಕೆ ಹವಾಲ್ದಾರರು ‘ಚಿಂದಿ’ ಎನ್ನುತ್ತಿದ್ದರು. ಚಿಂದಿ ಬೆಳ್ಳಗೆ ಹೊರಬರುವವರೆಗೆ ನಮಗೆ ಊಟವಿಲ್ಲ. ಸಂಗ್ರಾಹಕರ ಲೋಕದಲ್ಲಿ ಈ ಎಣ್ಣೆಬುಡ್ಡಿ, ಹುರಿ, ಹೆಗಲಪಟ್ಟಿ, ಸನೀನು, ಸನೀನಿನ ಒರೆ ಎಲ್ಲಕ್ಕೂ ಬೆಲೆಯುಂಟು. ಬಂದೂಕಿನ ಬೋಲ್ಟಿನ ಮೇಲೂ ಮೈಮೇಲೂ ಕೊರೆದ ಸಂಖ್ಯೆ ಒಂದೇ ಆಗಿದ್ದರೆ ಅವರಿಗೆ ಹಿಗ್ಗು. ಬೇರೆಯಾಗಿದ್ದರೆ ಬೆಲೆ ಇಳಿಯಿತು. ಯಾವ ಕಾರ್ಖಾನೆ, ಯಾವ ವರ್ಷ, ಯಾವ ಪಡೆ, ಯಾರ ಕೈ ದಾಟಿ ಬಂತು ಎಂಬುದನ್ನೆಲ್ಲ ಅವರು ಮುದ್ರೆ ಮುದ್ರೆಯಾಗಿ ಓದುತ್ತಾರೆ. ಶಾಸನ ಓದುವವರು ಕಲ್ಲಿನ ಮುಂದೆ ಮಾಡುವುದೂ ಇದೇ ಕೆಲಸ.

ನಮ್ಮಲ್ಲಿ ಈ ಹವ್ಯಾಸ ಬೆಳೆಯಲಿಲ್ಲ, ಬೆಳೆಯುವಂತೆಯೂ ಇಲ್ಲ. ೧೯೫೯ರ ಆಯುಧ ಕಾಯ್ದೆಯ ಏರ್ಪಾಡಿನಲ್ಲಿ ತ್ರೀ ನಾಟ್ ತ್ರೀಯಂಥ ಸೈನಿಕ ಅಳತೆಯ ಬಂದೂಕು ಸಾಮಾನ್ಯ ಪ್ರಜೆಗೆ ನಿಷಿದ್ಧ. ಪರವಾನಗಿ ಪಡೆದವರೂ ಮೂರು ಬಂದೂಕುಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ; ೨೦೧೯ರ ತಿದ್ದುಪಡಿ ಆ ಮೂರನ್ನು ಎರಡಕ್ಕೆ ಇಳಿಸಿತು. ಇದು ತಪ್ಪೆಂದು ನಾನು ಹೇಳುವುದಿಲ್ಲ. ಮನೆ ಮನೆಯಲ್ಲಿ ಬಂದೂಕು ಇರುವ ದೇಶಗಳ ಪಾಡನ್ನು ನೀವು ವಾರ್ತೆಗಳಲ್ಲಿ ಕೇಳುತ್ತಲೇ ಇದ್ದೀರಿ. ಆದರೆ ಆ ಸಂಗ್ರಾಹಕರ ಹವ್ಯಾಸದಲ್ಲಿ ನಾವು ಕಲಿಯಬೇಕಾದ ಒಂದು ಶಿಸ್ತು ಇದೆ. ವಸ್ತುವಿನ ಜೊತೆಗೆ ಅದರ ಸಂಗತಿಯನ್ನೂ ಕಾಯಬೇಕು ಎಂಬುದೇ ಅದು. ಅದಿಲ್ಲದೆ ನಮಗೆ ಎಷ್ಟು ನಷ್ಟವಾಗಿದೆ ಎಂಬುದಕ್ಕೆ ಶ್ರೀರಂಗಪಟ್ಟಣಕ್ಕಿಂತ ಬೇರೆ ನಿದರ್ಶನ ಬೇಡ.

ಬೋಲ್ಟಿನ ಬಂದೂಕು ಹುಟ್ಟುವುದಕ್ಕೆ ಬಹಳ ಹಿಂದೆ ನಮ್ಮ ನೆಲದಲ್ಲೇ ತಯಾರಾದ ಸೈನಿಕ ಬಂದೂಕು ಒಂದಿತ್ತು. ಅದು ಚಕಮಕಿ ಬಂದೂಕು. ಸಿಪಾಯಿ ನಳಿಗೆಯ ಬಾಯಿಂದ ಮದ್ದನ್ನೂ ಗುಂಡನ್ನೂ ಹಾಕಿ ಗಜಕಡ್ಡಿಯಿಂದ ಗಿಡಿಯಬೇಕು. ಪಕ್ಕದ ಸಣ್ಣ ಬಟ್ಟಲಿಗೆ ಚಿಟಿಕೆ ಮದ್ದು ಸುರಿಯಬೇಕು. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಕಚ್ಚಿಸಿರುತ್ತದೆ. ಬೆರಳು ಒತ್ತಿದೊಡನೆ ಕುದುರೆ ಮುಂದೆ ಬಿದ್ದು, ಕಲ್ಲು ಉಕ್ಕಿಗೆ ತಾಕಿ, ಕಿಡಿ ಬಟ್ಟಲಿಗೆ ಬಿದ್ದು, ಸಣ್ಣ ರಂಧ್ರದ ಮೂಲಕ ಬೆಂಕಿ ಒಳಗೆ ಹೋಗಿ ಗುಂಡು ಹಾರುತ್ತದೆ. ಮಳೆ ಬಂದರೆ ಎಲ್ಲವೂ ನಿಂತಿತು. ಇದರ ಪರಿಕರಗಳೂ ಕಡಮೆಯಲ್ಲ: ಮದ್ದಿನ ಕೊಂಬು, ತೋಟಾಗಳ ಚರ್ಮದ ಪೆಟ್ಟಿಗೆ, ಬದಲಿ ಕಲ್ಲು, ಗಜಕಡ್ಡಿ, ನಳಿಗೆಯ ಮೂತಿಗೆ ಸಿಕ್ಕಿಸುವ ಸನೀನು.

ಈ ವಿದ್ಯೆ ನಮ್ಮಲ್ಲಿ ನೆಲೆಯೂರಿದ್ದು ಒಂದು ದಿನದಲ್ಲಿ ಅಲ್ಲ. ಹೈದರಾಲಿ ದಿಂಡಿಗಲ್ಲಿನ ಫೌಜುದಾರನಾಗಿದ್ದಾಗಲೇ, ಅಂದರೆ ೧೭೫೦ರ ದಶಕದಲ್ಲಿಯೇ, ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿಕೊಂಡು ಆಯುಧಶಾಲೆಯನ್ನು ಏರ್ಪಡಿಸಿದನು. ಅವನ ಕಾಲದಲ್ಲಿಯೂ ಟಿಪ್ಪುವಿನ ಕಾಲದಲ್ಲಿಯೂ ಫ್ರೆಂಚ್ ಪಡೆಗಳು ಬೀಡುಬಿಟ್ಟಿದ್ದ ಸ್ಥಳಕ್ಕೆ ‘ಫ್ರೆಂಚ್ ರಾಕ್ಸ್’ ಎಂದು ಹೆಸರಾಯಿತು. ಹಿರೋಡೆ ಎಂದೂ ಹೆಸರಿದ್ದ ಆ ಊರೇ ಇಂದಿನ ಪಾಂಡವಪುರ. ಅಲ್ಲಿಗೆ ಸಮೀಪದ ಚಿನಕುರಳಿಯ ಬಯಲಿನಲ್ಲಿ ೧೭೭೧ರಲ್ಲಿ ಮರಾಠರು ಹೈದರನ ಸೇನೆಯನ್ನು ಮುರಿದರು. ಟಿಪ್ಪು ಪಟ್ಟಕ್ಕೆ ಬಂದಮೇಲೆ ಫ್ರಾನ್ಸಿನ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರ ಕಳುಹಿಸಿದನು. ಆ ರಾಯಭಾರಿಗಳು ೧೭೮೮ರಲ್ಲಿ ಪ್ಯಾರಿಸನ್ನು ಮುಟ್ಟಿದರು. ಸೈನ್ಯದ ನೆರವಿನ ಜೊತೆಗೆ ಅವರು ಬೇಡಿದ್ದು ಕುಶಲಕರ್ಮಿಗಳನ್ನು. ಸೈನ್ಯ ಬರಲಿಲ್ಲ, ಕೆಲವರು ಕರ್ಮಿಗಳು ಬಂದರು.

ಹೊರಗಿನವರು ಕಲಿಸಿದರೆಂದು ಮಾತ್ರ ಹೇಳಿ ನಿಲ್ಲಿಸುವುದು ನ್ಯಾಯವಲ್ಲ. ನಮ್ಮ ನಾಡಿನಲ್ಲಿ ಕಬ್ಬಿಣಕ್ಕಾಗಲಿ ಉಕ್ಕಿಗಾಗಲಿ ಬರವಿರಲಿಲ್ಲ. ೧೮೦೦ರಲ್ಲಿ ಈ ಸೀಮೆಯಲ್ಲೆಲ್ಲ ತಿರುಗಿದ ಫ್ರಾನ್ಸಿಸ್ ಬುಕಾನನ್ ಮಾಗಡಿ, ಚೆನ್ನರಾಯನದುರ್ಗಗಳ ಕಡೆಯ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ನಾಗಮಂಗಲದ ಲೋಹಶಿಲ್ಪಿಗಳ ಎರಕದ ಕೆಲಸ ಇಂದಿಗೂ ಹೆಸರಾದದ್ದು. ಲೋಹವನ್ನು ಕಾಯಿಸಿ ಬಗ್ಗಿಸಿ ಬೆಸೆಯುವ ಕೈಗಳು ಈ ನಾಡಿನಲ್ಲಿ ಹಿಂದಿನಿಂದಲೂ ಇದ್ದವು. ಅಂಥ ಕೈಗಳಿಗೆ ಹೊಸ ಮಾದರಿ ಸಿಕ್ಕಿತು. ಶ್ರೀರಂಗಪಟ್ಟಣದಲ್ಲಿ, ಬೆಂಗಳೂರಿನಲ್ಲಿ, ನಗರದಲ್ಲಿ, ಚಿತ್ರದುರ್ಗದಲ್ಲಿ ಆಯುಧಗಳ ಕಾರ್ಖಾನೆಗಳು ಎದ್ದವು.

ಆ ಬಂದೂಕುಗಳು ಹೇಗಿದ್ದವು? ಸುಲ್ತಾನನ ಸ್ವಂತಕ್ಕೆಂದು ಮಾಡಿದವುಗಳಲ್ಲಿ ಇಂದು ಉಳಿದಿರುವುದನ್ನು ನೋಡಿದರೆ ಬೆರಗಾಗುತ್ತದೆ. ಕಬ್ಬಿಣದ ಪಟ್ಟಿಗಳನ್ನು ತಿರುಚಿ ಬೆಸೆದದ್ದರಿಂದ ನಳಿಗೆಯ ಮೈಮೇಲೆ ನೀರಿನ ಅಲೆಯಂಥ ಗೆರೆಗಳು. ಅದರ ಮೇಲೆ ಚಿನ್ನ ಬೆಳ್ಳಿಗಳ ಕೆತ್ತನೆ. ಎಲ್ಲೆಲ್ಲಿಯೂ ಹುಲಿಯ ಪಟ್ಟೆ, ಹುಲಿಯ ಮುಖ. ಕೆಲವು ಬಂದೂಕುಗಳಲ್ಲಿ ಕಲ್ಲನ್ನು ಕಚ್ಚುವ ಭಾಗಕ್ಕೂ ಹುಲಿಯ ರೂಪವನ್ನೇ ಕೊಟ್ಟಿದ್ದಾರೆ; ಕನ್ನಡದಲ್ಲಿ ಹೇಳುವುದಾದರೆ ಅಲ್ಲಿ ಕುದುರೆಯೇ ಹುಲಿ! ಬಲಗೈಗೊಂದು ಎಡಗೈಗೊಂದು ಎಂಬಂತೆ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬವಾಗಿ ಮಾಡಿದ ಜೋಡಿಗಳೂ ಉಂಟು. ನಳಿಗೆಯ ಬುಡದಲ್ಲಿ ಮುದ್ರೆ. ಮುದ್ರೆಯನ್ನು ನಾಲ್ಕು ಭಾಗ ಮಾಡಿ ಒಂದೊಂದರಲ್ಲಿ ಒಂದೊಂದು ಪಾರಸಿ ಅಕ್ಷರ. ಕೂಡಿಸಿ ಓದಿದರೆ ‘ಹೈದರ್’. ಅದು ತಂದೆಯ ಹೆಸರೂ ಹೌದು, ಸಿಂಹವೆಂಬ ಅರ್ಥದ ಮಾತೂ ಹೌದು. ಅನೇಕ ಬಂದೂಕುಗಳ ಮೇಲೆ ತಯಾರಾದ ಊರು, ವರ್ಷ, ಕೆಲವುದರ ಮೇಲೆ ಮಾಡಿದ ಕರ್ಮಿಯ ಹೆಸರು ಕೂಡ ಇವೆ. ಊರಿನ ಹೆಸರು ‘ಪಟ್ಟಣ’ ಎಂದು. ನಮ್ಮ ಹಳ್ಳಿಯವರು ಸಂತೆಗೆ ಹೊರಟಾಗ ಇಂದಿಗೂ ಹಾಗೆಯೇ ಅನ್ನುತ್ತಾರಲ್ಲವೆ?

ವರ್ಷವನ್ನು ಓದುವುದರಲ್ಲಿ ಒಂದು ತೊಡಕಿದೆ. ಟಿಪ್ಪು ಹಿಜರಿ ಲೆಕ್ಕವನ್ನು ಬಿಟ್ಟು ‘ಮೌಲೂದಿ’ ಎಂಬ ಹೊಸ ಶಕೆಯನ್ನು ತಂದನು. ಅದರ ತಿಂಗಳುಗಳೂ ವರ್ಷಗಳೂ ನಮ್ಮ ಪಂಚಾಂಗದ ಚಾಂದ್ರಸೌರ ಕ್ರಮಕ್ಕೆ ಹೊಂದಿಕೊಂಡಿದ್ದವು. ನಮ್ಮ ಪ್ರಭವ ವಿಭವಾದಿ ಅರವತ್ತು ಸಂವತ್ಸರಗಳಂತೆಯೇ ಅಲ್ಲಿಯೂ ಅರವತ್ತು ವರ್ಷಗಳ ಚಕ್ರ. ಹೆಸರುಗಳು ಮಾತ್ರ ಬೇರೆ. ಅಲ್ಲದೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಬೇಕೆಂದು ಕಟ್ಟಳೆ ಮಾಡಿದನು. ಆದ್ದರಿಂದ ೧೨೨೨ ಎಂಬ ವರ್ಷ ನಮ್ಮ ಕಣ್ಣಿಗೆ ೨೨೨೧ ಎಂದು ಕಾಣುತ್ತದೆ. ಕೀಲಿ ತಿಳಿದವನಿಗೆ ಅದು ೧೭೯೪-೯೫, ನಮ್ಮ ಆನಂದ ಸಂವತ್ಸರ. ತಿಳಿಯದವನಿಗೆ ಬರಿಯ ಗೀಟು. ಇದೇ ಮೌಲೂದಿ ಶಕೆಯನ್ನು ನೀವೂ ನೋಡಿರಬಹುದು. ಕೃಷ್ಣರಾಜಸಾಗರದ ಕೆಲಸ ಪ್ರಾರಂಭವಾದಾಗ ಸಿಕ್ಕಿದ ಟಿಪ್ಪುವಿನ ಪಾರಸಿ ಶಾಸನವನ್ನು ಕಟ್ಟೆಯ ಬಳಿ ನಿಲ್ಲಿಸಿದ್ದಾರೆ. ಕಾವೇರಿಗೆ ಅಡ್ಡಗಟ್ಟೆ ಹಾಕಿಸುವ ಸಂಕಲ್ಪವನ್ನು ಹೇಳುವ ಆ ಕಲ್ಲಿನಲ್ಲಿಯೂ ಕಾಲವನ್ನು ಗುಣಿಸಿರುವುದು ಈ ಶಕೆಯಿಂದಲೇ. ಕಲ್ಲು ಸಿಕ್ಕಿದ ಜಾಗ, ಅದನ್ನು ಓದಿದ ಅರ್ಥ ಎರಡೂ ಉಳಿದವು. ಆದ್ದರಿಂದ ಅದು ಇಂದು ಎಲ್ಲರ ಸೊತ್ತು. ಬಂದೂಕುಗಳಿಗೆ ಆ ಭಾಗ್ಯ ಬರಲಿಲ್ಲ.

೧೭೯೯ನೆಯ ಇಸವಿ ಮೇ ೪ರಂದು ಕೋಟೆ ಬಿತ್ತು. ಟಿಪ್ಪು ಕಾದಾಡುತ್ತ ಮಡಿದನು. ಆ ರಾತ್ರಿಯೆಲ್ಲ ಊರಿನಲ್ಲಿ ಲೂಟಿ. ಅದು ಹಿಡಿತಕ್ಕೆ ಬಂದಮೇಲೆ ವಿಜಯಿಗಳು ಕೋಟೆಯೊಳಗಿನ ಸಾಮಗ್ರಿಯನ್ನು ಎಣಿಸಿ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ೯೨೯ ಫಿರಂಗಿಗಳಿದ್ದವು. ಬಂದೂಕುಗಳೂ ಕುದುರೆ ಸವಾರರ ಗಿಡ್ಡ ಬಂದೂಕುಗಳೂ ಸೇರಿ ಸುಮಾರು ೯೯,೦೦೦. ಸಣ್ಣ ಆಯುಧಗಳನ್ನು ಮಾಡಿ ಮುಗಿಸುವ ಶಾಲೆಗಳು ಹನ್ನೊಂದು. ಫಿರಂಗಿ ಎರಕದ ಮನೆಗಳು ಎರಡು. ನಳಿಗೆ ಕೊರೆಯುವ ಯಂತ್ರಗಳ ಕಟ್ಟಡಗಳು ಮೂರು. ದೊಡ್ಡ ಆಯುಧಾಗಾರಗಳು ನಾಲ್ಕು. ಒಂದು ದ್ವೀಪದ ಕೋಟೆಯಲ್ಲಿ ತೊಂಬತ್ತೊಂಬತ್ತು ಸಾವಿರ ಬಂದೂಕು! ಅವುಗಳ ಹಿಂದೆ ಎಷ್ಟು ಮಂದಿ ಕಮ್ಮಾರರು, ಬಡಗಿಗಳು, ಚರ್ಮದ ಕೆಲಸದವರು, ಮದ್ದು ಅರೆಯುವವರು ಬೆವರು ಸುರಿಸಿರಬೇಕೆಂಬುದನ್ನು ನೀವೇ ಊಹಿಸಿಕೊಳ್ಳಿ.

ಬೆಲೆಬಾಳುವ ವಸ್ತುಗಳ ವಿಲೇವಾರಿಗೆ ಒಂದು ಸಮಿತಿ ನೇಮಕವಾಯಿತು. ದರ್ಜೆಯ ಪ್ರಕಾರ ಅಧಿಕಾರಿಗಳಿಗೂ ಸಿಪಾಯಿಗಳಿಗೂ ಪಾಲು ಹಂಚಿದರು. ಹಂಚಲಾಗದ್ದನ್ನು ಹರಾಜು ಹಾಕಿದರು. ಸಿಂಹಾಸನವನ್ನು ಒಡೆದು ತುಂಡು ಮಾಡಿದರು. ಅದರ ಕೆಲವು ಭಾಗಗಳು ಇಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿಯೂ ವೇಲ್ಸಿನ ಪೋವಿಸ್ ಕೋಟೆಯಲ್ಲಿಯೂ ಇವೆ. ಸಿಪಾಯಿಯ ಮೇಲೆರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಬೆಳ್ಳಿ ಕಟ್ಟಿನ ಬಂದೂಕು, ಪಿಸ್ತೂಲು, ಕತ್ತಿಗಳು ಅಧಿಕಾರಿಗಳ ಪೆಟ್ಟಿಗೆಗಳಲ್ಲಿ ಹಡಗು ಹತ್ತಿದವು. ಶ್ರೀರಂಗಪಟ್ಟಣದ ಕೆಲಸದ ಮನೆಗಳು ಒಮ್ಮೆಗೇ ನಿಂತುಹೋಗಲಿಲ್ಲ. ಕುಂಪಣಿಯವರು ಅಲ್ಲಿ ಕೆಲವು ಕಾಲ ತಮ್ಮ ಫಿರಂಗಿಗಳಿಗೆ ಬಂಡಿಗಳನ್ನು ಮಾಡಿಸುವ ಕಾರ್ಖಾನೆಯನ್ನು ನಡೆಸಿದರು. ಆದರೆ ಬಂದೂಕು ಮಾಡುವ ವಿದ್ಯೆ ಅಲ್ಲಿಗೆ ಮುಗಿಯಿತು. ಮುಂದೆ ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರದವರ ಜೊತೆಗೂಡಿ ದೂರದ ಹೈಫಾ ನಗರವನ್ನು ಗೆದ್ದಾಗ ನಮ್ಮವರ ಭರ್ಜಿಗಳ ಜೊತೆಗಿದ್ದದ್ದು ಇಂಗ್ಲಿಷರ ಮಾದರಿಯ ರೈಫಲ್ಲು. ಶೌರ್ಯ ನಮ್ಮದು, ಬಂದೂಕು ಪರರದು ಎಂಬ ಸ್ಥಿತಿಗೆ ನಾವು ಬಂದಿದ್ದೆವು.

ಹೀಗೆ ಚದರಿಹೋದವುಗಳನ್ನು ಮತ್ತೆ ಕೂಡಿಸುವ ಕೆಲಸ ನಡೆದದ್ದು ಇಂಗ್ಲೆಂಡಿನಲ್ಲಿ. ರಾಬಿನ್ ವಿಗಿಂಟನ್ ಎಂಬ ಸಂಗ್ರಾಹಕರು ಟಿಪ್ಪುವಿನ ಬಂದೂಕುಗಳನ್ನು ಹುಡುಕಿ ಹುಡುಕಿ ಕೊಂಡು, ಮುದ್ರೆಗಳನ್ನು ಹೋಲಿಸಿ, ವರ್ಷಗಳನ್ನು ಬಿಡಿಸಿ, ೧೯೯೨ರಲ್ಲಿ ಆ ವಿಷಯವಾಗಿಯೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ‘ಪಟ್ಟಣ’ದ ಬಂದೂಕಿನ ವಿಚಾರ ಇಂದು ಯಾರೇ ಮಾತನಾಡಲಿ, ಆ ಗ್ರಂಥದ ಋಣ ಇದ್ದೇ ಇರುತ್ತದೆ. ನಮ್ಮ ವಸ್ತುವನ್ನು ಪರರು ಒಯ್ದರೆಂದು ದುಃಖಪಡುವಾಗ, ಅವುಗಳನ್ನು ಓದಿದವರೂ ಪರರೇ ಎಂಬುದನ್ನು ಒಪ್ಪಿಕೊಳ್ಳುವುದು ಧರ್ಮ.

ಆದರೆ ಖಾಸಗಿಯವರ ಸಂಗ್ರಹಕ್ಕೆ ಅದರದೇ ಒಂದು ವಿಧಿಯುಂಟು. ಅದು ಎಂದಾದರೂ ಹರಾಜಿಗೆ ಬರಲೇಬೇಕು. ೨೦೧೫ರ ಏಪ್ರಿಲ್ ೨೧ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆಯವರು ಟಿಪ್ಪುವಿಗೆ ಸಂಬಂಧಪಟ್ಟ ಮೂವತ್ತು ವಸ್ತುಗಳನ್ನು ಹರಾಜು ಹಾಕಿದರು. ಒಟ್ಟು ಬಂದದ್ದು ಅರವತ್ತು ಲಕ್ಷ ಪೌಂಡಿಗೂ ಮಿಕ್ಕಿ. ಅವುಗಳಲ್ಲಿ ಒಂದು ಬೇಟೆಯ ಬಂದೂಕು ೭,೨೨,೫೦೦ ಪೌಂಡಿಗೆ ಹೋಯಿತು. ೨೦೧೯ರಲ್ಲಿ ಬರ್ಕ್‌ಷೈರಿನ ಒಂದು ಮನೆಯ ಅಟ್ಟದಲ್ಲಿ, ಕುಂಪಣಿಯ ಮೇಜರ್ ಥಾಮಸ್ ಹಾರ್ಟ್ ಎಂಬಾತ ಶ್ರೀರಂಗಪಟ್ಟಣದಿಂದ ತಂದಿದ್ದ ವಸ್ತುಗಳು ಸಿಕ್ಕಿದವು. ಅಲ್ಲಿದ್ದ ಬೆಳ್ಳಿ ಕಟ್ಟಿನ ಚಕಮಕಿ ಬಂದೂಕು, ಅದರ ಸನೀನಿನೊಡನೆ, ೬೦,೦೦೦ ಪೌಂಡಿಗೆ ಮಾರಾಟವಾಯಿತು. ೨೦೨೩ರಲ್ಲಿ ಟಿಪ್ಪುವಿನ ಶಯನಗೃಹದ ಕತ್ತಿಯೆಂದು ಪ್ರಸಿದ್ಧವಾದ ಒಂದು ಖಡ್ಗಕ್ಕೆ ಒಂದು ಕೋಟಿ ನಲವತ್ತು ಲಕ್ಷ ಪೌಂಡು ಬಂತು. ಪತ್ರಿಕೆಗಳಲ್ಲಿ ಈ ಅಂಕಿಗಳನ್ನು ಓದಿ ನಾವು ಮೂಗಿನ ಮೇಲೆ ಬೆರಳಿಟ್ಟೆವು. ಬೆಲೆ ಏರಿದಂತೆಲ್ಲ ಆ ವಸ್ತುಗಳು ನಮ್ಮ ವಸ್ತುಸಂಗ್ರಹಾಲಯಗಳ ಕೈಗೆ ಎಟುಕದಂತಾಗುತ್ತವೆ ಎಂಬುದನ್ನು ಮಾತ್ರ ಅಷ್ಟಾಗಿ ಯೋಚಿಸಲಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಹರಾಜಿಗೆ ಬರುವುದೆಲ್ಲ ಬಹುಮಟ್ಟಿಗೆ ದೊರೆಯ ಬಂದೂಕು. ಸಿಪಾಯಿಯದಲ್ಲ. ಬೆಳ್ಳಿಯಿದ್ದದ್ದನ್ನು ಜನ ಜೋಪಾನ ಮಾಡಿದರು. ಆ ತೊಂಬತ್ತೊಂಬತ್ತು ಸಾವಿರದಲ್ಲಿ ಬರಿಯ ಕಬ್ಬಿಣ ಮರಗಳಿಂದಾದ ಬಂದೂಕು, ಯಾವುದೋ ಹಳ್ಳಿಯ ರೈತನ ಮಗ ಹೊತ್ತದ್ದು, ಯಾರ ಸಂಗ್ರಹಕ್ಕೂ ಅಂದವಾಗಿ ತೋರಲಿಲ್ಲ. ಅಂಥದು ಇಂದು ಸಿಕ್ಕುವುದಿದ್ದರೆ ಲಂಡನ್ನಿನಲ್ಲಿ ಅಲ್ಲ, ನಮ್ಮ ಹೊಲಗಳಲ್ಲಿ, ಹಾಳುಬಾವಿಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಸಿಕ್ಕಬೇಕು.

ಇಲ್ಲ, ಸಿಕ್ಕಿತ್ತು. ಈಗ ಆ ತಪ್ಪೊಪ್ಪಿಗೆಯ ಮಾತಿಗೆ ಬರುತ್ತೇನೆ. ಹದಿನೈದು ವರ್ಷಗಳ ಹಿಂದಿನ ಮಾತು. ಪಾಂಡವಪುರದ ಕಡೆಯ ಹುಡುಗನೊಬ್ಬ, ಕಬ್ಬಿಗೆಂದು ಹೊಲ ಮಟ್ಟಮಾಡಿಸುವಾಗ ಸಿಕ್ಕಿತೆಂದು, ತೋಳುದ್ದದ ಒಂದು ಕಬ್ಬಿಣದ ಕೊಳವೆಯನ್ನು ಶಾಲೆಗೆ ತಂದನು. ಒಳಗೆಲ್ಲ ಮಣ್ಣು ಗಿಡಿದಿತ್ತು. ಒಂದು ತುದಿ ಮುಚ್ಚಿತ್ತು; ಆ ತುದಿಯ ಪಕ್ಕದಲ್ಲಿ ಸೂಜಿ ಹೋಗುವಷ್ಟು ರಂಧ್ರ. ಒದ್ದೆ ಬಟ್ಟೆಯಲ್ಲಿ ಒರಸಿದಾಗ ಬುಡದಲ್ಲಿ ನಾಲ್ಕು ಭಾಗವಾಗಿದ್ದ ಒಂದು ಗುರುತು ಕಂಡಿತು. ಹಳಗನ್ನಡದ ಶಾಸನವಾಗಿದ್ದರೆ ಅಂದೇ ಕಾಗದ ಇಟ್ಟು ಅಚ್ಚು ತೆಗೆದುಕೊಳ್ಳುತ್ತಿದ್ದೆ. ಇದು ನನಗೆ ತಿಳಿಯದ ಲಿಪಿ. “ಹಳೆಯ ಬಂದೂಕಿನ ನಳಿಗೆ ಇರಬೇಕು, ಯಾರಾದರೂ ತಿಳಿದವರಿಗೆ ತೋರಿಸೋಣ” ಎಂದು ಉಪಾಧ್ಯಾಯರ ಕೊಠಡಿಯ ಬೀರುವಿನ ಮೇಲೆ ಇಟ್ಟೆ. ಹುಡುಗನ ಊರಿನ ಯಾವ ಹೊಲ, ಎಷ್ಟು ಆಳದಲ್ಲಿ, ಜೊತೆಗೆ ಇನ್ನೇನಾದರೂ ಇತ್ತೇ ಎಂಬ ಒಂದು ಮಾತನ್ನೂ ಬರೆದಿಡಲಿಲ್ಲ. ಬೇಸಗೆಯ ರಜೆಯಲ್ಲಿ ಶಾಲೆಗೆ ಸುಣ್ಣ ಹೊಡೆಸಿದರು. ಮುರಿದ ಬೆಂಚುಗಳ ಕಬ್ಬಿಣವೆಲ್ಲ ತೂಕಕ್ಕೆ ಗುಜರಿಗೆ ಹೋಯಿತು. ಅದರೊಡನೆ ನಳಿಗೆಯೂ ಹೋಯಿತು. ಜೂನ್ ತಿಂಗಳಲ್ಲಿ ಹುಡುಗ ಬಂದು, “ಸಾರ್, ನಮ್ಮ ಕೊಳವೆ ಏನಾಯ್ತು?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಒಂದು ಪುಸ್ತಕದಲ್ಲಿ ಆ ‘ಹೈದರ್’ ಮುದ್ರೆಯ ಚಿತ್ರವನ್ನು ನೋಡಿ ಎದೆ ಧಸಕ್ಕೆಂದಿತು. ನಾನು ಕಂಡದ್ದು ಅದೇ ಮುದ್ರೆಯೆಂದು ಆಣೆಮಾಡಿ ಹೇಳಲಾರೆ. ಹೋಲಿಸಿ ನೋಡಲು ವಸ್ತುವಿಲ್ಲ, ಚಿತ್ರವಿಲ್ಲ, ಅಳತೆಯೂ ಇಲ್ಲ. ಲಂಡನ್ನಿಗೆ ಹೋದ ಬಂದೂಕನ್ನು ಇನ್ನೂರು ವರ್ಷಗಳ ಮೇಲೆಯೂ ಓದಬಹುದು. ನನ್ನ ಬೀರುವಿನ ಮೇಲಿದ್ದದ್ದನ್ನು ಇನ್ನಾರೂ ಓದಲಾರರು. ಲೂಟಿ ಮಾಡಿದವರನ್ನು ಬಯ್ಯುವಾಗಲೆಲ್ಲ ಈ ಮಾತು ನನ್ನ ನಾಲಗೆಯನ್ನು ಹಿಡಿಯುತ್ತದೆ.

ಸರಿಯಾಗಿ ನಡೆದ ನಿದರ್ಶನವೂ ನಮ್ಮಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ನಗರ ಎಂಬುದು ಹಳೆಯ ಬಿದನೂರು. ಅಲ್ಲಿ ೨೦೦೨ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕಿದವು. ಅವು ಮೈಸೂರಿನ ಸೇನೆಯ ಪ್ರಸಿದ್ಧ ಅಗ್ನಿಬಾಣಗಳೆಂದು ಆಮೇಲೆ ಗುರುತಾಯಿತು. ೨೦೧೮ರಲ್ಲಿ ಪ್ರಾಚ್ಯವಸ್ತು ಇಲಾಖೆಯವರು ಅಲ್ಲಿಯ ಹಾಳುಬಾವಿಯೊಂದನ್ನು ಅಗೆಸಿದಾಗ ಇನ್ನೂ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಅವು ಶಿವಮೊಗ್ಗದ ವಸ್ತುಸಂಗ್ರಹಾಲಯವನ್ನು ಸೇರಿದವು. ಅಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ. ತುಕ್ಕು ಹಿಡಿದ ಕೊಳವೆಗಳು ಅಷ್ಟೆ. ಆದರೂ ಲೋಕದ ವಿದ್ವಾಂಸರು ಅವುಗಳ ಅಳತೆಯನ್ನು ಕೇಳಿ ಬರುತ್ತಾರೆ. ಸಿಕ್ಕಿದ ಜಾಗ ತಿಳಿದಿದೆ, ಜೊತೆಗೆ ಸಿಕ್ಕಿದ್ದೇನೆಂದು ತಿಳಿದಿದೆ. ಅವುಗಳ ಬೆಲೆ ಇರುವುದು ಅಲ್ಲಿ.

ಶ್ರೀರಂಗಪಟ್ಟಣದ ರೈಲುನಿಲ್ದಾಣದ ಬಳಿ ಟಿಪ್ಪುವಿನ ಕಾಲದ ಇಟ್ಟಿಗೆಯ ಶಸ್ತ್ರಾಗಾರವೊಂದಿತ್ತು. ಬೆಂಗಳೂರು ಮೈಸೂರು ಜೋಡಿಹಳಿಯ ದಾರಿಗೆ ಅದು ಅಡ್ಡವಾಯಿತು. ಕೆಡವಲಿಲ್ಲ. ೨೦೧೭ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಮೇಲೆತ್ತಿ, ಅಂಗುಲ ಅಂಗುಲವಾಗಿ ಸರಿಸಿ, ನೂರು ಮೀಟರಿಗೂ ಆಚೆ ಹೊಸ ತಳಹದಿಯ ಮೇಲೆ ಇರಿಸಿದರು. ಒಂದು ಇಟ್ಟಿಗೆಯ ಮನೆಗೆ ಇಷ್ಟು ಮರ್ಯಾದೆ ತೋರಿಸಲು ನಮ್ಮಿಂದ ಆಗುವುದಾದರೆ, ಆ ಮನೆಯೊಳಗೆ ಇದ್ದಿರಬಹುದಾದ ವಸ್ತುಗಳಿಗೂ ತೋರಿಸಲಾಗದೆ?

ಆದ್ದರಿಂದ ನಿಮ್ಮಲ್ಲಿ ಒಂದು ವಿಜ್ಞಾಪನೆ. ಹೊಲ ಅಗೆಯುವಾಗ, ಬಾವಿಯ ಹೂಳೆತ್ತುವಾಗ, ಹಳೆಯ ಮನೆ ಕೆಡಹುವಾಗ ಇಂಥ ಕಬ್ಬಿಣ ಸಿಕ್ಕಿದರೆ ಹುಣಿಸೆಹಣ್ಣು, ಇಟ್ಟಿಗೆಪುಡಿ ಹಾಕಿ ಉಜ್ಜಬೇಡಿ. ತುಕ್ಕಿನೊಡನೆ ಅಕ್ಷರವೂ ಹೋಗುತ್ತದೆ. ಬೆಂಕಿಗೆ ಹಿಡಿಯಬೇಡಿ, ಒಳಗೆ ಹಳೆಯ ಮದ್ದು ಇದ್ದರೂ ಇದ್ದೀತು. ಸಿಕ್ಕಿದ ಜಾಗ, ಆಳ, ದಿನಗಳನ್ನು ಒಂದು ಚೀಟಿಯಲ್ಲಿ ಬರೆದು ವಸ್ತುವಿನೊಡನೆ ಕಟ್ಟಿ. ಕೈಯಲ್ಲಿರುವ ಫೋನಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆಯಿರಿ. ಆಮೇಲೆ ತಹಸೀಲ್ದಾರರಿಗೋ ಜಿಲ್ಲಾಧಿಕಾರಿಗಳಿಗೋ ತಿಳಿಸಿ. ನೆಲದಡಿಯಲ್ಲಿ ಸಿಕ್ಕಿದ್ದನ್ನು ತಿಳಿಸಬೇಕೆಂಬುದು ಕಾನೂನು. ನೂರು ವರ್ಷಕ್ಕೆ ಮೇಲ್ಪಟ್ಟ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಬಾರದೆಂಬುದೂ ೧೯೭೨ರ ಪ್ರಾಚೀನ ವಸ್ತುಗಳ ಕಾಯ್ದೆಯ ಮಾತು. ಗುಜರಿಯವನು ಕೊಡುವುದು ಕಿಲೋಗೆ ಕೆಲವೇ ರೂಪಾಯಿ.

ಈಗ ನನ್ನ ತರಗತಿಯ ಬೀರುವಿನಲ್ಲಿ ಒಂದು ದಪ್ಪ ನೋಟ್‌ಬುಕ್ಕು ಇದೆ. ಮಕ್ಕಳು ತಂದು ತೋರಿಸಿದ ಹಳೆಯ ನಾಣ್ಯ, ಮಡಕೆಯ ಚೂರು, ಕಬ್ಬಿಣದ ತುಂಡು ಯಾವುದೇ ಆಗಲಿ, ಅದರಲ್ಲಿ ದಿನ, ಊರು, ಹೊಲದ ಗುರುತು ಬರೆದೇ ಮುಂದಿನ ಪಾಠ. ಮೊದಲನೆಯ ಪುಟದಲ್ಲಿ ಆ ನಳಿಗೆಯ ವಿಷಯ ನೆನಪಿದ್ದಷ್ಟನ್ನು ಬರೆದಿದ್ದೇನೆ. ಉದ್ದ: ತೋಳಿನಷ್ಟು. ಊರು: ಪಾಂಡವಪುರದ ಕಡೆ. ಹೊಲದ ಗುರುತಿನ ಸಾಲು ಖಾಲಿಯಾಗಿಯೇ ಇದೆ.